ಕಡ್ಲಿ ಹುಳಿ ತಿಂದ ಹಲ್ಲು

ಕಡ್ಲಿ ಹುಳಿ ಹಿಡಿಯಲು ಗಿಡಗಳ ಮೇಲೆ ಹಾಸುತ್ತಿದ್ದದ್ದು ಧೋತರ. ಅಥವಾ ಅದು ಧೋತರವೇ ಅಲ್ಲ, ಅವ್ವನ ಹಳೇ ಸೀರೆ ಇದ್ದಿರಬೇಕು. ಬಿಳಿ ಬಟ್ಟೆ ಎಂದು ನನ್ನ ನೆನಪಿಗೆ ಯಾರು ಹೇಳಿಕೊಟ್ಟರೋ. ಮಾನ್ವಿಯ ನಮ್ಮ ಹೊಲದಲ್ಲಿ ಚಳಿಗಾಲದ ಸಂಜೆ ಕಡಲೆ ಗಿಡಗಳ ಮೇಲೆ ಬಟ್ಟೆ ಹಾಸುತ್ತಿದ್ದರು. ಬೆಳಗಾಗುವಷ್ಟರಲ್ಲಿ ಅದು ಇಬ್ಬನಿ ಮತ್ತು ಗಿಡದ ಹುಳಿ ಹೀರಿ ಭಾರವಾಗಿರುತ್ತಿತ್ತು. ಹಿಂಡಿ ಬಾಟಲಿಗೆ ತುಂಬಿದರೆ ವರ್ಷವಿಡೀ ಹೊಟ್ಟೆನೋವಿಗೆ ಔಷಧ. ತಗಡಿನ ಮುಚ್ಚಳವನ್ನು ಅದು ತಿಂದುಹಾಕುತ್ತದೆಂದು ಬಾಯಿಗೆ ಅರಿವೆ ತುರುಕುತ್ತಿದ್ದರು. ಇದು ಮಾತ್ರ ಖಾತ್ರಿ.

ಅಕ್ಕನನ್ನು ದೇವದುರ್ಗದ ಕಡೆ ಕೊಟ್ಟಿತ್ತು. ಪ್ರತಿ ಚಳಿಗಾಲ ಅವಳಿಗೊಂದು ಬಾಟಲಿ ಹೋಗುತ್ತಿತ್ತು. ಆಮೇಲೆ ಎರಡು, ಮೂರು.

ಎಪ್ಪತ್ತರ ದಶಕದ ಕೊನೆಯಲ್ಲೋ ಎಂಬತ್ತರ ಆರಂಭದಲ್ಲೋ, ಅವಳ ಮುಂದಿನ ಹಲ್ಲುಗಳ ತುದಿ ಗಾಜಿನಂತೆ ತೆಳ್ಳಗಾಗಿತ್ತು. ಉಳಿದ ಭಾಗ ಹಳದಿ. ತಣ್ಣೀರು ಕುಡಿದರೆ ಕಣ್ಣು ಮುಚ್ಚುತ್ತಿದ್ದಳು. ಮೂವತ್ತೂ ಆಗಿರಲಿಲ್ಲ. ನಾನಾಗ ರಾಯಚೂರಿನಲ್ಲಿ ನೌಕರಿಯಲ್ಲಿದ್ದೆ. ಹಲ್ಲು ಹೇಗಾದರೂ ಉಳಿಯಬೇಕೆಂದು ಬಸ್ಸು ಹತ್ತಿ ಬಂದಳು. ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದೆ.

"ಹುಳಿ ಏನ್ ತಿಂತೀರವ್ವಾ?"

"ಏನೂ ಇಲ್ರಿ."

"ಹುಣಸಿಕಾಯಿ, ಮಾವಿನಕಾಯಿ?"

"ಇಲ್ರಿ ಯಪ್ಪಾ. ನಾ ಏನ್ ಬಸರಿ ಅದೀನೇನ್ರಿ?"

ಡಾಕ್ಟರು ನಕ್ಕರು. ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು. ಸುಳ್ಳು ಹೇಳಿರಲಿಲ್ಲ ಅವಳು. ಕಡ್ಲಿ ಹುಳಿ ಅವಳ ಪಾಲಿಗೆ ತಿನ್ನುವ ವಸ್ತುವಲ್ಲ, ಔಷಧ. ನಾನೇ ಹೇಳಿದೆ: "ಹೊಟ್ಟಿನೋವಿಗೆ ಕಡ್ಲಿ ಹುಳಿ ಕುಡೀತಾಳ್ರಿ, ದಿನಾ."

"ದಿನಾ ಎಲ್ಲಿ ಲೇ," ಎಂದು ನನ್ನನ್ನು ಗದರಿ, ಡಾಕ್ಟರಿಗೆ ಅಂದಳು: "ಕುಡದ ಕೂಡ್ಲೇ ಬೂದಿ ಹಚ್ಚಿ ಚಂದಂಗ ತಿಕ್ಕತೀನ್ರಿ. ಹುಳಿ ಹಲ್ಲಿಗೆ ಹತ್ತಬಾರದಂತ."

ಡಾಕ್ಟರು ಕೈಯೊಳಗಿನ ಕನ್ನಡಿ ಕೆಳಗಿಟ್ಟರು. "ಅಲ್ಲೇ ತಪ್ಪಿದ್ದು ನೋಡ್ರಿ. ಹಲ್ಲಿನ ಮ್ಯಾಲ ಗಟ್ಟಿ ಪದರ ಇರ್ತದ. ಹುಳಿ ಬಿದ್ರ ಅದು ಮೆತ್ತಗಾಗ್ತದ. ನೀರು ಮುಕ್ಕಳಿಸಿ ಸುಮ್ನ ಬಿಟ್ಟಿದ್ರ ಜೊಲ್ಲು ಮತ್ತ ಸ್ವಲ್ಪ ಗಟ್ಟಿ ಮಾಡ್ತಿತ್ತು. ನೀವು ಮೆತ್ತಗಿದ್ದಾಗನ ಬೂದಿಲೆ ತಿಕ್ಕೀರಿ. ಪದರನ ತಿಕ್ಕಿ ತಗದೀರಿ."

"ಮತ್ತ ಬರ್ತದೇನ್ರಿ ಅದು?"

"ಹೋದದ್ದು ಬರಂಗಿಲ್ಲವ್ವಾ. ಇದ್ದದ್ದು ಉಳೀಬೇಕಂದ್ರ ಹುಳಿ ಬಿಡ್ರಿ."

"ಬಿಟ್ರ ಹೊಟ್ಟಿ?"

"ಹೊಟ್ಟಿ ಯಾಕ ನೋಯ್ತದ?"

"ಹಂಗ ನೋಯ್ತದ್ರಿ."

ಪೂರ್ತಿ ಕೆಟ್ಟಿದ್ದ ಒಂದು ಹಲ್ಲನ್ನು ಇಂಜೆಕ್ಷನ್ ಕೊಟ್ಟು ಕಿತ್ತರು. ಬಸ್ ಸ್ಟ್ಯಾಂಡಿನಲ್ಲಿ ಆರಿದ ಚಹಾ ಕುಡಿಯುವಾಗ ಅದು ಅವಳ ಗದ್ದದ ಮೇಲೆ ಇಳಿಯುತ್ತಿತ್ತು. ತುಟಿ ಜೋಮು ಹಿಡಿದಿತ್ತು, ಅವಳಿಗೆ ಗೊತ್ತಾಗಲಿಲ್ಲ. ನಾನು ನೋಡುತ್ತಾ ಕುಳಿತಿದ್ದೆ. ಚಹಾ ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು. ಹಲ್ಲು ಕಿತ್ತ ದಿನ ಚಹಾ ಯಾರು ಕೊಡಿಸುತ್ತಾರೆ?

ಆ ಚಳಿಗಾಲವೂ ಬಾಟಲಿ ಬೇಕೆಂದು ಹೇಳಿಕಳಿಸಿದಳು. ಅವ್ವ ಕಳಿಸಿದಳು. ಅಕ್ಕ ಹುಳಿ ಕುಡಿದ ಮೇಲೆ ಬೂದಿ ಮುಟ್ಟುತ್ತಿರಲಿಲ್ಲವಂತೆ, ಬರೀ ನೀರು ಮುಕ್ಕಳಿಸುತ್ತಿದ್ದಳಂತೆ. ಮುಂದಿನ ಹಲ್ಲುಗಳು ಆದರೂ ಹೋದವು.

ಅವಳ ಹೊಟ್ಟೆ ಯಾಕೆ ನೋಯುತ್ತಿತ್ತೋ ನನಗೆ ಈಗಲೂ ಗೊತ್ತಿಲ್ಲ.