ಮುಳುಗಿಸುವ ಪಾದ್ರಿಯ ಮನೆಯ ರೊಟ್ಟಿ

ನನ್ನ ಅಪ್ಪ ಬ್ಯಾಪ್ಟಿಸ್ಟ್ ಪಾಸ್ಟರ್. ಅಮ್ಮ ಮೆಥಡಿಸ್ಟ್. ಇವೆರಡರ ವ್ಯತ್ಯಾಸ ನೀರಿನ ಪ್ರಮಾಣದ್ದು ಎಂದರೆ ಬೀದರ್ ಜಿಲ್ಲೆಯಲ್ಲಿ ಯಾರೂ ತಕರಾರು ಮಾಡುವುದಿಲ್ಲ. ಮೆಥಡಿಸ್ಟರು ಕೂಸಿನ ಹಣೆಗೆ ನೀರು ಚಿಮುಕಿಸುತ್ತಾರೆ. ಬ್ಯಾಪ್ಟಿಸ್ಟರು ಬುದ್ಧಿ ಬಂದವರನ್ನು, ಅವರಾಗಿಯೇ ಬಂದು ಕೇಳಿದ ಮೇಲೆ, ಪೂರ್ತಿಯಾಗಿ ನೀರಿನಲ್ಲಿ ಮುಳುಗಿಸಿ ಎತ್ತುತ್ತಾರೆ. ಹಾಗೆ ಮುಳುಗದವರಿಗೆ ಅಪ್ಪನ ಚರ್ಚಿನ ಸಭೆಯಲ್ಲಿ ಕರ್ತನ ಭೋಜನ ಇಲ್ಲ. ತಿಂಗಳ ಮೊದಲ ಭಾನುವಾರ ಯೇಸುವಿನ ಕೊನೆಯ ಊಟದ ನೆನಪಿಗೆ ತಟ್ಟೆಯಲ್ಲಿ ಬರುವ ರೊಟ್ಟಿಯ ಚೂರು, ಲೋಟದಲ್ಲಿ ಬರುವ ದ್ರಾಕ್ಷಿರಸ, ಎರಡೂ ಅವರನ್ನು ದಾಟಿ ಮುಂದೆ ಹೋಗುತ್ತವೆ.

ಅಮ್ಮ ಮುಳುಗಿರಲಿಲ್ಲ. ಆ ರೊಟ್ಟಿ ಮಾಡುತ್ತಿದ್ದವಳು ಮಾತ್ರ ಅವಳೇ.

ಅಪ್ಪ ತೆಲುಗು ಸೀಮೆಯವರು. ಮದುವೆಗೆ ಮುಂಚೆಯೇ, ಒಂದು ಟ್ರಂಕು ಮತ್ತು ಒಂದು ಸೈಕಲ್ಲಿನ ಜೊತೆ, ಸೇವೆಗೆಂದು ಬೀದರಿಗೆ ಬಂದಿಳಿದರು. ಕನ್ನಡವನ್ನು ಕಮಠಾಣದ ಹೊಲಗಳಲ್ಲಿ, ಔರಾದಿನ ಬಸ್ಸುಗಳಲ್ಲಿ ಕೇಳಿ ಕಲಿತರು. ಕಲಿತದ್ದನ್ನು ತಕ್ಷಣ ಬಳಸುವ ಅವಸರ ಅವರಿಗಿತ್ತು. ಕನ್ನಡ ಕ್ರೈಸ್ತರ ಪುಸ್ತಕಗಳಲ್ಲಿ ಈ ನೀರಿನ ಸಂಸ್ಕಾರಕ್ಕೆ ದೀಕ್ಷಾಸ್ನಾನ ಎಂಬ ಮಾತಿದೆ. ಆದರೆ ನಮ್ಮ ಕಡೆ ದೀಕ್ಷೆ ಎಂದರೆ ಜನ ಲಿಂಗದೀಕ್ಷೆ ಎಂದುಕೊಂಡು ಮಠದ ದಾರಿ ತೋರಿಸುತ್ತಾರೆ. ಆದ್ದರಿಂದ ಅಪ್ಪ ಸರಳವಾದ ಮಾತು ಆರಿಸಿಕೊಂಡರು. ಭಾಲ್ಕಿಯ ಸಂತೆಯಲ್ಲಿ ನಿಂತು ಹೀಗೆ ಸಾರಿದರು:

"ಬರೋ ಐತಾರ ಸಾಯಗಾಂವದ ಹೊಳ್ಯಾಗ ನಾಕ್ ಮಂದಿ ಮುಳುಗ್ತಾರ. ನೋಡ್ಲಕ್ಕ ಎಲ್ಲಾರೂ ಬರ್ರಿ."

ಜನ ಬಂದರು. ಹಗ್ಗ ಹಿಡಿದುಕೊಂಡು ಒಬ್ಬ ಪೊಲೀಸ್ ಪೇದೆಯೂ ಬಂದ.

"ಯಾರ್ರಿ ಮುಳುಗೋರು?"

"ಇವ್ರೇರಿ."

"ಏನ್ ತ್ರಾಸ ಅದ ಇವ್ರಿಗಿ?"

"ಪಾಪದ್ದು."

ಪೇದೆ ಆ ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿದ. "ಪಾಪ ಎಲ್ಲಾರಿಗೂ ಅದರಿ. ಹಂಗಂತ ಹೊಳಿಗಿ ಬೀಳ್ತಾರೇನು?"

ಅಪ್ಪ ಮೊದಲಿನಿಂದ ವಿವರಿಸಿದರು. ಪೇದೆ ಕೊನೆಯವರೆಗೆ ಇದ್ದ. ಮುಳುಗಿದವರೆಲ್ಲ ಎದ್ದರೋ ಇಲ್ಲವೋ ಎಂದು ಎಣಿಸಿಕೊಂಡು ಹಗ್ಗ ಸುತ್ತಿದ. ಅಂದಿನಿಂದ ಅಪ್ಪನ ಹೆಸರು ಮುಳುಗಿಸುವ ಪಾದ್ರಿ ಎಂದಾಯಿತು. ಬೀದರಿನ ನಮ್ಮ ಓಣಿಯಲ್ಲಿ ಸೈಕಲ್ ರಿಪೇರಿ ಮಾಡುವ ಮುಸ್ಲಿಂ ಹಿರಿಯರೊಬ್ಬರಿದ್ದರು. ಅಪ್ಪ ಪಂಕ್ಚರ್ ಹಾಕಿಸಲು ಹೋದಾಗಲೆಲ್ಲ ಅವರು ತಲೆ ಎತ್ತದೆ ಕೇಳುತ್ತಿದ್ದರು: "ಪಾದ್ರಿ ಸಾಬ್, ಆಜ್ ಕಿತ್ತೆ ಡುಬಾಯೆ?" ಇವತ್ತು ಎಷ್ಟು ಜನರನ್ನು ಮುಳುಗಿಸಿದಿರಿ ಎಂದು. ಅಪ್ಪ ಪ್ರಾಮಾಣಿಕವಾಗಿ ಲೆಕ್ಕ ಒಪ್ಪಿಸುತ್ತಿದ್ದರು. ಹೆಚ್ಚಿನ ವಾರ ಉತ್ತರ ಯಾರೂ ಇಲ್ಲ ಎಂದೇ ಇರುತ್ತಿತ್ತು.

ಅಮ್ಮ ಬೀದರಿನಲ್ಲಿ ನರ್ಸ್ ಆಗಿದ್ದಳು. ಅವಳ ಅಪ್ಪ, ಎಂದರೆ ನನ್ನ ತಾತ, ಮೆಥಡಿಸ್ಟ್ ಸಭೆಯ ಹಿರಿಯರು, ಸಾಲಿ ಮಾಸ್ತರರು. ಹೆಣ್ಣು ಕೇಳಲು ಬಂದ ಅಪ್ಪನಿಗೆ ಅವರು ಚಹಾ ಕೊಟ್ಟು ಒಂದೇ ಷರತ್ತು ಹಾಕಿದರು.

"ಆಕಿಗಿ ಕೂಸಿದ್ದಾಗೇ ದೀಕ್ಷಾಸ್ನಾನ ಆಗ್ಯದ. ನಾನೇ ಎತ್ತಿ ಹಿಡದೀನಿ. ನನ್ ಮಗಳಿಗಿ ಮುಳುಗಸಂಗಿಲ್ಲ ಅಂತ ಮಾತ ಕೊಡ್ರಿ."

"ನಾ ಕೇಳಂಗಿಲ್ರಿ," ಎಂದರು ಅಪ್ಪ. "ಆಕಿ ಕೇಳಿದ್ರ ಬ್ಯಾಡನಂಗಿಲ್ಲ."

ಮಾತು ಅಲ್ಲಿಗೆ ನಿಂತಿತು. ಮದುವೆ ಮೆಥಡಿಸ್ಟ್ ಚರ್ಚಿನಲ್ಲಿ ಆಯಿತು. ಅಪ್ಪ ಕೇಳಲಿಲ್ಲ. ಅಮ್ಮನೂ ಕೇಳಲಿಲ್ಲ. ಕೇಳಿದರೆ ತನ್ನ ಅಪ್ಪ ಎತ್ತಿ ಹಿಡಿದದ್ದು ಸುಳ್ಳಾಗುತ್ತದೆ ಎಂಬುದು ಅವಳ ವಾದ. ಕೇಳಿ ಮುಳುಗದವರಿಗೆ ರೊಟ್ಟಿ ಕೊಟ್ಟರೆ ತಾನು ಉಳಿದವರಿಗೆ ಹೇಳಿದ್ದು ಸುಳ್ಳಾಗುತ್ತದೆ ಎಂಬುದು ಅಪ್ಪನದು. ಈ ವಾದಗಳನ್ನು ಅವರು ಪರಸ್ಪರ ಹೇಳಿಕೊಂಡದ್ದನ್ನು ನಾನು ಕೇಳಿಲ್ಲ. ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ.

ಉಳಿದಂತೆ ಮನೆ ಎಲ್ಲರ ಮನೆಯಂತೆಯೇ ನಡೆಯಿತು. ಅಮ್ಮನಿಗೆ ಬೆಳಗಿನ ಪಾಳಿ ಇದ್ದ ದಿನ ನನಗೂ ತಂಗಿಗೂ ಅಪ್ಪನೇ ಜಡೆ ಹಾಕುತ್ತಿದ್ದರು. ತಲೆಯನ್ನು ಗಟ್ಟಿಯಾಗಿ ಹಿಡಿಯುವುದು ಅವರಿಗೆ ವೃತ್ತಿಯಿಂದ ಬಂದ ಅಭ್ಯಾಸ. ಮಹಾರಾಷ್ಟ್ರದ ಗಡಿಯ ಡಾಬಕಾ ಹಳ್ಳಿಗೆ ಸೇವೆಗೆ ಹೋದಾಗ ಅಪ್ಪ ಅಲ್ಲಿನ ಮರಾಠಿ ಬೆರೆತ ಕನ್ನಡವನ್ನೂ ಒಂದಿಷ್ಟು ತೊಗರಿಬೇಳೆಯನ್ನೂ ತರುತ್ತಿದ್ದರು. ಬೀದರಿನಿಂದ ಔರಾದಿಗೆ, ಔರಾದಿನಿಂದ ಭಾಲ್ಕಿಗೆ ಅವರ ವರ್ಗವಾಯಿತು. ಅಮ್ಮ ಹಿಂದಿನಿಂದ ತನ್ನ ವರ್ಗ ಮಾಡಿಸಿಕೊಂಡು ಬಂದಳು.

ತಿಂಗಳ ಮೊದಲ ಭಾನುವಾರದ ಹಿಂದಿನ ದಿನ ಅವಳು ಗೋಧಿಹಿಟ್ಟು ಕಲಸಿ, ತೆಳ್ಳಗೆ ಲಟ್ಟಿಸಿ, ಅಂಚು ಕತ್ತರಿಸಿ ಚೌಕ ಮಾಡಿ ಬೇಯಿಸುತ್ತಿದ್ದಳು. ಒಣದ್ರಾಕ್ಷಿ ನೆನೆಹಾಕಿ ರಸ ಹಿಂಡುತ್ತಿದ್ದಳು. ಅಂಚಿನ ಚೂರುಗಳನ್ನು ಬೇರೆ ಸುಟ್ಟು ಚಹಾದ ಜೊತೆ ನಮಗೆ ಕೊಡುತ್ತಿದ್ದಳು. ತಾನು ಬಾಯಿಗೆ ಹಾಕುತ್ತಿರಲಿಲ್ಲ. "ಅದು ನಿಮ್ಮ ಸಭಾದ್ದು" ಎನ್ನುತ್ತಿದ್ದಳು. ಭಾನುವಾರ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ತಟ್ಟೆ ಬಂದಾಗ ಮಡಿಲ ಮೇಲಿನ ಕೈ ಎತ್ತದೆ, ಪಕ್ಕದವರಿಗೆ ಹೋಗಲಿ ಎಂದು ಮೊಣಕಾಲು ಸರಿಸಿ ದಾರಿ ಮಾಡಿಕೊಡುತ್ತಿದ್ದಳು. ಅಪ್ಪ ಆ ಹೊತ್ತಿಗೆ ಯಾವಾಗಲೂ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಅದು ಪ್ರಾರ್ಥನೆಯ ಹೊತ್ತಲ್ಲ ಎಂದು ನಾನು ದೊಡ್ಡವಳಾದ ಮೇಲೆ ಬೇರೆ ಸಭೆಗಳನ್ನು ನೋಡಿ ತಿಳಿದುಕೊಂಡೆ.

ಇಬ್ಬರೂ ನಿವೃತ್ತರಾಗಿ ಭಾಲ್ಕಿಯಲ್ಲಿಯೇ, ಚರ್ಚಿನ ಹಿಂದಿನ ಮನೆಯಲ್ಲಿ ಉಳಿದರು. ಹೊಸ ಪಾಸ್ಟರ್ ಬಂದರು. ಅಪ್ಪನಿಗೆ ಕೈಗೊಂದು ಕೋಲು ಬಂತು. ಹೊಳೆಯವರೆಗೆ ಹೋಗುವುದು ಯಾರಿಗೂ ಆಗದ್ದರಿಂದ ಚರ್ಚಿನ ಹಿತ್ತಿಲಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿದರು. ಹೋದ ವರ್ಷ ಅಪ್ಪನ ಎದೆಯಲ್ಲಿ ನೋವು ಕಾಣಿಸಿಕೊಂಡಿತು. ಆಸ್ಪತ್ರೆಯ ಮಂಚದ ಮೇಲಿಂದ ಅವರು ನನಗೆ ಹೇಳಿದ್ದು ಒಂದೇ ಮಾತು.

"ಎಷ್ಟು ಮಂದಿಗಿ ರೊಟ್ಟಿ ಕೊಟ್ಟೀನಿ. ನಿಮ್ಮವ್ವಗ ಒಮ್ಮಿ ಕೊಟ್ಟು ಹೋಗಬೇಕಂತ ಅದ."

"ಅಕಿಗಿ ಹೇಳ್ರಿ."

"ಹೇಳಿದ್ರ ಮುಳುಗು ಅಂತ ನಾನೇ ಕೇಳಿದಂಗ ಆಗ್ತದ. ನಿಮ್ ತಾತಗ ಮಾತ ಕೊಟ್ಟೀನಿ."

ಗುಣವಾಗಿ ಮನೆಗೆ ಬಂದರು. ನಾನು ಈ ಮಾತನ್ನು ಅಮ್ಮನಿಗೆ ಮುಟ್ಟಿಸಿದೆ. ಅವಳು ಮಾತ್ರೆ ಎಣಿಸುತ್ತಿದ್ದಳು. "ಹಂ" ಎಂದಳು.

ಅದಾದ ಕೆಲವು ತಿಂಗಳಿಗೆ, ಒಂದು ಶನಿವಾರ, ನಾನು ಊರಿಗೆ ಹೋಗಿದ್ದೆ. ಮರುದಿನ ಒಬ್ಬರಿಗೆ ದೀಕ್ಷಾಸ್ನಾನವಿತ್ತು. ಟ್ಯಾಂಕರ್ ಬಂದು ತೊಟ್ಟಿ ತುಂಬಿಸಿ ಹೋಗಿತ್ತು. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಸಭೆಯ ಹಿರಿಯರೊಬ್ಬರು, ನಿವೃತ್ತ ಕಂಡಕ್ಟರ್, ಅವರ ಜೊತೆಗಿದ್ದರು. ಅಮ್ಮ ರೊಟ್ಟಿ ಮುಗಿಸಿ ಬಂದಳು.

"ಪಾಚಿ ತಿಕ್ಯಾರೋ ಇಲ್ಲೋ? ಯಾರರೆ ಜಾರಿ ಬಿದ್ದಾರು," ಎನ್ನುತ್ತ ಮೆಟ್ಟಿಲಿಗೆ ಕಾಲಿಟ್ಟಳು. ಪಾಚಿ ತಿಕ್ಕಿರಲಿಲ್ಲ.

ಅವಳು ಪೂರ್ತಿ ಒಳಗೆ ಹೋದಳು. ನಾನು ಓಡುವಷ್ಟರಲ್ಲಿ ಅಪ್ಪ ಕೋಲು ಬಿಸಾಡಿ, ಮೊದಲ ಮೆಟ್ಟಿಲಿಗಿಳಿದು, ಅವಳ ತೋಳು ಹಿಡಿದು ಎತ್ತಿದ್ದರು. ಅಮ್ಮ ಕೆಮ್ಮಿ, ಚಷ್ಮಾ ಹುಡುಕಿ ಹಾಕಿಕೊಂಡಳು. ಪೆಟ್ಟಾಗಿರಲಿಲ್ಲ. ಆಗ ಹಿರಿಯರು ಮುಂದೆ ಬಂದರು.

"ಅಮ್ಮೋರೆ, ಪೂರ್ತಿ ಮುಳುಗಿದ್ರೇನು?"

"ಮೂಗಿನ್ಯಾಗ ನೀರ್ ಹೋಗ್ಯಾವ. ಇನ್ನೆಷ್ಟ್ ಮುಳುಗಬೇಕು?"

"ತಲಿ?"

"ತಲಿ, ತುರಬ, ಎಲ್ಲಾ."

"ಬೀಳೋ ಮುಂದ ಏನರೆ ಅಂದ್ರೇನು?"

"ಯೇಸಪ್ಪಾ ಅಂದೆ. ಮತ್ತೇನಂತಾರ?"

ಹಿರಿಯರು ಅಪ್ಪನ ಕಡೆ ತಿರುಗಿದರು. ಅವರ ಮುಖದಲ್ಲಿ ಟಿಕೆಟ್ ಹರಿದು ಕೊಟ್ಟ ನೆಮ್ಮದಿ ಇತ್ತು. "ಆಯ್ತಲ್ರಿ ಪಾಸ್ಟರ್. ಕರ್ತನ ಹೆಸರು ಹೇಳ್ಯಾರ, ಪೂರ್ತಿ ಮುಳುಗ್ಯಾರ, ನೀವೇ ಕೈ ಹಿಡದು ಎತ್ತೀರಿ. ನಾ ಸಾಕ್ಷಿ ಇದ್ದೀನಿ. ನಾಳಿ ರೊಟ್ಟಿ ಕೊಡ್ಸರಿ."

ಅಪ್ಪ ಒದ್ದೆ ಪಂಚೆಯಲ್ಲಿ ನಿಂತು ಅಮ್ಮನನ್ನು ನೋಡಿದರು. ಅವರು ಒಂದು ಸಲ ತಲೆ ಆಡಿಸಿದ್ದರೆ ಮುಗಿಯುತ್ತಿತ್ತು. ಸಭೆಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ.

"ಜಾರಿ ಬಿದ್ದಾಳ," ಎಂದರು ಅಪ್ಪ. "ಜಾರೋದು ಬ್ಯಾರೆ, ಮುಳುಗೋದು ಬ್ಯಾರೆ. ಆಕಿ ಕೇಳಿಲ್ಲ."

"ಹೌದ್ರಿ, ನಾ ಕೇಳಿಲ್ಲ," ಎಂದಳು ಅಮ್ಮ, ಸೆರಗು ಹಿಂಡುತ್ತ.

ಈ ವಿಷಯದಲ್ಲಿ ಇಬ್ಬರೂ ಒಬ್ಬರ ಎದುರು ಒಬ್ಬರು ಒಪ್ಪಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮರುದಿನ ಅಪ್ಪ ಮುಂದಿನ ಕುರ್ಚಿಯಲ್ಲಿ ಕೂರಲಿಲ್ಲ. ಕೋಲೂರಿಕೊಂಡು ಕೊನೆಯ ಬೆಂಚಿನವರೆಗೆ ಬಂದು ಅಮ್ಮನ ಪಕ್ಕದಲ್ಲಿ ಕೂತರು. ಹೊಸ ಪಾಸ್ಟರ್ ಪ್ರಾರ್ಥಿಸಿದರು. ಹಿರಿಯರು ತಟ್ಟೆ ಹಿಡಿದು ಸಾಲುಸಾಲಾಗಿ ಬಂದು ಅಪ್ಪನ ಮುಂದೆ ನಿಂತರು. ಅಪ್ಪ ಕೋಲಿನ ಮೇಲಿನ ಕೈ ಎತ್ತಲಿಲ್ಲ.

ಅಮ್ಮನಿಗೆ ಪಿಸುಮಾತು ಬರುವುದಿಲ್ಲ. ಅವಳದು ವಾರ್ಡಿನ ದನಿ. "ಯಾಕ್ರಿ, ಎದಿ ನೋವಾಗ್ಲತದೇನು?"

"ಇಲ್ಲ."

"ಮತ್ತ ತಗೋರಿ. ನಾ ಮಾಡಿದ್ ರೊಟ್ಟಿ ಅದ."

"ನಿನ್ ಕೂಡ ಕೂಡ್ತೇನಿ."

ಅಮ್ಮ ಹೇಳಿದಳು: "ಕೂಡ್ರಿ. ಕಾಲ್ ಒಳಗ ತಗೋರಿ, ತಾಟ ಹಿಡದೋರು ಎಡವ್ತಾರ."

ತಟ್ಟೆ ಮುಂದೆ ಹೋಯಿತು. ಈ ಸಲ ಅಪ್ಪ ಕಣ್ಣು ಮುಚ್ಚಲಿಲ್ಲ.

ಮನೆಗೆ ಬಂದು ಅಮ್ಮ ಚಹಾ ಮಾಡಿದಳು. ಹಿಂದಿನ ದಿನದ ಅಂಚಿನ ಚೂರುಗಳನ್ನು ಎಂದಿನಂತೆ ತಂದು ಇಟ್ಟಳು. ಬಾಯಿಗೆ ಏನು ಹಾಕುವುದಕ್ಕೂ ಮುಂಚೆ ಅಪ್ಪ ಪ್ರಾರ್ಥಿಸುತ್ತಾರೆ. ಅದು ಮನೆಯ ರೂಢಿ. ಅಂದು ಪ್ರಾರ್ಥನೆ ಉದ್ದವಾಯಿತು, ಚಹಾದ ಮೇಲೆ ಕೆನೆ ಕಟ್ಟಿತು. ಆಮೇಲೆ ಅವರು ಒಂದು ಚೂರು ಮುರಿದು, ಅರ್ಧ ಅಮ್ಮನ ಬಸಿಯಲ್ಲಿಟ್ಟರು. ಅಮ್ಮ ಅದನ್ನು ನೋಡಿದಳು, ಎತ್ತಿ ಬಾಯಿಗೆ ಹಾಕಿಕೊಂಡಳು, ನಿಧಾನವಾಗಿ ಅಗಿದಳು.

"ಉಪ್ಪು ಕಮ್ಮಿ ಅದಲ್ರಿ," ಎಂದಳು. "ಇಷ್ಟು ವರ್ಷ ಯಾರೂ ಹೇಳಿಲ್ಲಲ್ಲ?"

"ರೂಢಿ ಆಗ್ಯದ," ಎಂದರು ಅಪ್ಪ. ತಮ್ಮ ಅರ್ಧ ತಿಂದರು.

ಮುಂದಿನ ತಿಂಗಳು ಆ ಕಂಡಕ್ಟರ್ ಹಿರಿಯರು ಬೇರೆ ಏನೋ ಕೆಲಸಕ್ಕೆ ನನಗೆ ಫೋನ್ ಮಾಡಿದ್ದರು. ಸಭೆಯ ರೊಟ್ಟಿಗೆ ಈಗ ಉಪ್ಪು ಸರಿಯಾಗಿ ಬೀಳುತ್ತಿದೆ ಎಂದು ಮಾತಿನ ನಡುವೆ ತಿಳಿಸಿದರು. ಇಬ್ಬರೂ ಹಿಂದಿನ ಬೆಂಚಿನಲ್ಲೇ ಕೂರುತ್ತಾರೆ ಎಂದೂ ಹೇಳಿದರು.