ಕಾಕಾ ಕ್ಯಾಂಪಿಗೆ ಹೋಗ್ಯಾರ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಆ ದಿನ ನಾನು ನೀಲಿ ಸೀರೆ ಉಟ್ಟಿದ್ದೆ ಎಂದೇ ನನ್ನ ನೆನಪು; ಫೋಟೋದಲ್ಲಿ ನೋಡಿದರೆ ಕೆಂಪು ಅಂಚಿನ ಹಳದಿ. ಹದಿನೇಳು ಮಂದಿ ಸೇರಿದ್ದೆವು ಎಂದು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ; ಫೋಟೋದಲ್ಲಿರುವುದು ಹದಿನಾಲ್ಕೇ ತಲೆ. ಒಬ್ಬಳು ಫೋಟೋ ತೆಗೆಯುವ ಮೊದಲೇ ಎದ್ದು ಹೋಗಿದ್ದಳು. ಅದೊಂದು ಮಾತ್ರ ನನಗೆ ಖಚಿತವಾಗಿ ಗೊತ್ತು, ಏಕೆಂದರೆ ಅವಳು ಎದ್ದು ಹೋದದ್ದು ನನ್ನಿಂದ.

ನಮ್ಮದು ಹೈದರಾಬಾದಿನ ಒಂದು ಕನ್ನಡ ಮಾಧ್ಯಮದ ಪ್ರೌಢಶಾಲೆ. ಹತ್ತನೆಯ ತರಗತಿಯಲ್ಲಿ ಇಪ್ಪತ್ತು ಚಿಲ್ಲರೆ ಮಂದಿ. ಅರ್ಧದಷ್ಟು ಜನ ಬ್ಯಾಂಕು, ರೈಲ್ವೆ, ಸರಕಾರಿ ಕಚೇರಿಗಳ ಕೆಲಸಕ್ಕೆಂದು ಧಾರವಾಡ, ಬಿಜಾಪುರದ ಕಡೆಯಿಂದ ಬಂದವರ ಮಕ್ಕಳು. ಉಳಿದವರು ಯಾದಗಿರಿ, ರಾಯಚೂರಿನ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಬೆಂಚಿನ ಮೇಲೆ ಬೆರೆತು ಕೂರುತ್ತಿದ್ದೆವು. ಶಾಲೆ ಬಿಟ್ಟ ಮೇಲೆ ಬೇರೆ ಬೇರೆ ದಿಕ್ಕಿಗೆ ನಡೆಯುತ್ತಿದ್ದೆವು.

ವಿಮಾನ ನಿಲ್ದಾಣ ಬೇಗಂಪೇಟೆ ಬಿಟ್ಟು ಶಂಶಾಬಾದಿಗೆ ಹೋದ ಮರುವರ್ಷವೋ ಅದರ ಮುಂದಿನ ವರ್ಷವೋ, ನಮ್ಮ ತರಗತಿಯ ಲೀಡರ್ ಆಗಿದ್ದವನು ಎಲ್ಲರನ್ನೂ ಹುಡುಕಿ ಉಪ್ಪಲ್‌ನ ಒಂದು ಫಂಕ್ಷನ್ ಹಾಲಿಗೆ ಕರೆಸಿದ. ಅವನೀಗ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರ್. ಬಾಗಿಲಲ್ಲೇ ಯಾರೋ ಅವನನ್ನು ಹಿಡಿದುಕೊಂಡರು.

"ಏನಲೇ, ತಲಿ ಮ್ಯಾಲಿನ ಕೂದ್ಲಾ ಎಲ್ಲಿ ಬಿಟ್ಟ ಬಂದಿ?"

"ಅಮೆರಿಕಾದ ಕ್ಲೈಂಟ್ ದಿನಕ್ಕೊಂದು ಕಿತ್ಕೊಂಡಾನಪಾ. ನಿನಗ ಇನ್ನೂ ಅದಾವಲ್ಲ, ನೀ ಸರಕಾರಿ ನೌಕರಿಯಾಗ ಇರಬೇಕು."

ನಗು, ಅಪ್ಪುಗೆ. ಹತ್ತು ನಿಮಿಷ ಕನ್ನಡ, ಆಮೇಲೆ ತೆಲುಗು, ಹಿಂದಿ. ಒಬ್ಬೊಬ್ಬರಾಗಿ ಮೈಕಿನ ಮುಂದೆ ಬಂದು ಈಗ ಏನು ಮಾಡುತ್ತಿದ್ದೇವೆ ಎಂದು ಹೇಳಬೇಕಿತ್ತು. ಮಾದಾಪುರದಲ್ಲಿ ಸ್ವಂತ ಕಂಪನಿ ತೆರೆದವನಿಗೆ ಚಪ್ಪಾಳೆ ನಿಲ್ಲಲೇ ಇಲ್ಲ. ಶಂಶಾಬಾದಿನಲ್ಲಿ ಕಿರಾಣಿ ಅಂಗಡಿ ಇಟ್ಟವನು ಮಾತು ಮುಗಿಸುವ ಮೊದಲೇ ಲೀಡರ್ ಮೈಕು ಕಸಿದು, "ಇವನ ಅಂಗಡಿಯಾಗ ವಿಮಾನದ ಪೆಟ್ರೋಲ್ ಬಿಟ್ಟು ಎಲ್ಲಾ ಸಿಗ್ತಾವು" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂಗಡಿಯವನು ನಗಲಿಲ್ಲ.

ನನ್ನ ಸರದಿ ಬಂದಾಗ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಕೈಪಿಡಿಗಳನ್ನು ಬರೆಯುತ್ತೇನೆ ಎಂದಷ್ಟೇ ಹೇಳಿ ಇಳಿಯಬಹುದಿತ್ತು. ಇಳಿಯಲಿಲ್ಲ. ಓದಿದವರ ಚಾಳಿ, ನಾಲ್ಕು ಜನರ ಮುಂದೆ ನಿಂತರೆ ಏನಾದರೂ ಘನವಾದದ್ದು ಹೇಳಬೇಕು. ನನ್ನ ಪಕ್ಕದ ಬೆಂಚಿನ ಹುಡುಗಿಯ ಕಥೆ ಹೇಳಿದೆ. ಗೌಂಡಿ ಕೆಲಸದವನ ಮಗಳು. ಗಣಿತದಲ್ಲಿ ನನಗಿಂತ ಯಾವಾಗಲೂ ಹತ್ತು ಅಂಕ ಮುಂದೆ. ಇಬ್ಬರೂ ಕೂಡಿ ಹುಡುಗಿಯರ ಪಾಲಿಟೆಕ್ನಿಕ್ ಸೇರಬೇಕೆಂದು ಮಾತಾಡಿಕೊಂಡಿದ್ದೆವು. ಸೇರುವ ದಿನ ನಾನು ಕಾಲೇಜಿನ ಗೇಟಿನಲ್ಲಿ ಮಧ್ಯಾಹ್ನದ ತನಕ ಕಾದೆ, ಅವಳು ಬರಲಿಲ್ಲ. "ಅವರಪ್ಪ ಅವಳ ತಲೆಯ ಮೇಲೆ ಸಿಮೆಂಟಿನ ಬಾಂಡ್ಲಿ ಹೊರಿಸಿಬಿಟ್ಟ. ಈ ನಗರದ ಒಂದೊಂದು ಗಾಜಿನ ಕಟ್ಟಡದ ಹಿಂದೆಯೂ ಅಂಥ ಒಬ್ಬ ಹುಡುಗಿ ಇದ್ದಾಳೆ" ಎಂದೆ. ದನಿ ಸ್ವಲ್ಪ ನಡುಗಿಸಿದೆನೆಂದೂ ಕಾಣುತ್ತದೆ. ನನಗೂ ಜೋರಾದ ಚಪ್ಪಾಳೆಯೇ ಬಿತ್ತು. ಈ ಕಥೆಯನ್ನು ನಾನು ಅದೇ ಮೊದಲ ಸಲ ಹೇಳಿದ್ದಲ್ಲ. ಹಾಸ್ಟೆಲಿನಲ್ಲಿ ಹೇಳಿದ್ದೆ, ವಿಶ್ವವಿದ್ಯಾಲಯದ ಚರ್ಚೆಯಲ್ಲಿ ಹೇಳಿದ್ದೆ, ಗಂಡನಿಗೆ ಹೇಳಿದ್ದೆ.

ಊಟಕ್ಕೆ ಕೂತಾಗ ಪಕ್ಕದ ಕುರ್ಚಿಗೆ ಒಬ್ಬಳು ತಟ್ಟೆ ಹಿಡಿದು ಬಂದಳು. ದಪ್ಪ ಅಂಚಿನ ಇಳಕಲ್ ಸೀರೆ, ಕೈಯಲ್ಲಿ ಎರಡು ಮೊಬೈಲು. ತಟ್ಟೆಯಲ್ಲಿ ಬಿರಿಯಾನಿ ಇಲ್ಲ, ಎರಡು ಜೋಳದ ರೊಟ್ಟಿ, ಒಂದು ಬಟ್ಟಲು ಸಾರು.

"ಚಲೋ ಮಾತಾಡಿದಿ ಮೇಡಂ. ನನ್ನ ಕಥಿ ಕೇಳಿ ನನಗಽ ಅಳು ಬಂತು."

ಗುರುತು ಹತ್ತಿದ್ದು ದನಿಯಿಂದ. ನಾನು ಎದ್ದು ಅಪ್ಪಿಕೊಳ್ಳಲು ಹೋದೆ. ಅವಳು ತಟ್ಟೆಯನ್ನು ನಡುವೆ ಹಿಡಿದಳು.

"ಕುಂದ್ರು, ಸಾರು ಚೆಲ್ತೈತಿ. ಟ್ರಾಫಿಕ್‌ನಾಗ ಸಿಕ್ಕು ತಡ ಆತು, ಹಿಂದ ನಿಂತಿದ್ದೆ. ಬರೋಬರಿ ನಿನ್ನ ಭಾಷಣಕ್ಕ ಮುಟ್ಟಿದೆ."

ನಲವತ್ತು ಆಳುಗಳ ಮೇಸ್ತ್ರಿಯಂತೆ ಅವಳೀಗ. ಯಾದಗಿರಿಯ ಕಡೆಯಿಂದ ಜನ ಕರೆತಂದು ಐಟಿ ಕಟ್ಟಡಗಳ ನೆಲಕ್ಕೆ ಟೈಲ್ಸ್ ಹಾಕಿಸುತ್ತಾಳೆ. ನಾನು ಕೆಲಸ ಮಾಡುವ ಕಟ್ಟಡ ಯಾವುದೆಂದು ಕೇಳಿದಳು, ಹೇಳಿದೆ. "ಅದಾ? ಅದರ ಮೂರನೇ ಅಂತಸ್ತು ನಮ್ಮದಽ. ನೋಡಿ ನಡಿ, ಜಾರತೈತಿ" ಎಂದಳು. ನಾನು ನಕ್ಕೆ. ಆಗ ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಎಲ್ಲಾ ಖರೇನಽ ಹೇಳಿದಿ. ನಮ್ಮಪ್ಪನ ಮ್ಯಾಲೆ ಯಾಕ ಹಾಕಿದಿ?"

"ಅಂದ್ರ?"

"ಮರ್ತಿಯೇನು? ನಿಮ್ಮ ಕಾಕಾನ ಹಸರು ಸಹಿ?"

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ನಮ್ಮ ಅಪ್ಪನಿಗೆ ಮೇಲಿಂದ ಮೇಲೆ ವರ್ಗ ಆಗುತ್ತಿದ್ದುದರಿಂದ ನನ್ನನ್ನು ಬೇಗಂಪೇಟೆಯಲ್ಲಿದ್ದ ಕಾಕಾನ ಮನೆಯಲ್ಲಿ ಬಿಟ್ಟಿದ್ದರು. ಕಾಕಾ ಎಂದರೆ ಅಪ್ಪನ ತಮ್ಮ, ಗೆಜೆಟೆಡ್ ಅಧಿಕಾರಿ; ಅವರ ಹೆಂಡತಿ ನನಗೆ ಕಾಕು. ಆಗ ಯಾವ ಅರ್ಜಿಗೇ ಆಗಲಿ, ಅಂಕಪಟ್ಟಿ, ಟಿ.ಸಿ.ಗಳ ಪ್ರತಿಯ ಮೇಲೆ ಅಂಥ ಅಧಿಕಾರಿಯೊಬ್ಬ ಇದು ಮೂಲಕ್ಕೆ ಸರಿಯಾಗಿದೆ ಎಂದು ಹಸಿರು ಶಾಯಿಯಲ್ಲಿ ಸಹಿ ಹಾಕಿ ಮುದ್ರೆ ಒತ್ತಬೇಕಿತ್ತು. ಕನ್ನಡದವರ ನಡುವೆ ಕಾಕಾನ ಹೆಸರು ಹಬ್ಬಿತ್ತು. ಭಾನುವಾರ ಬೆಳಗಾದರೆ ಗೇಟಿನಲ್ಲಿ ಕಾಗದ ಹಿಡಿದ ಜನ. ಕಾಕಾನಿಗೆ ಸಾಕಾಗಿಹೋಗಿತ್ತು. ಹೀಗಾಗಿ ಮನೆಯಲ್ಲಿ ಒಂದು ಮಾತು ರೂಢಿಗೆ ಬಂತು. ಗೇಟಿನ ಅಗಳಿ ಸದ್ದಾದರೆ ಸಾಕು, ಯಾರು ಹತ್ತಿರವಿದ್ದರೆ ಅವರು, "ಕಾಕಾ ಕ್ಯಾಂಪಿಗೆ ಹೋಗ್ಯಾರ" ಎನ್ನಬೇಕು, ಕಚೇರಿ ಕೆಲಸಕ್ಕೆ ಪರಊರಿಗೆ ಹೋಗಿದ್ದಾರೆ ಎಂಬಂತೆ. ಕಾಕಾ ಒಳಕೋಣೆಯಲ್ಲಿ ಪೇಪರು ಓದುತ್ತಿರುವಾಗಲೇ ನಾನು ಎಷ್ಟು ಸಲ ಹಾಗೆಂದಿದ್ದೇನೋ. ಸುಳ್ಳು ಅನ್ನಿಸುತ್ತಿರಲಿಲ್ಲ, ಹಾಲಿನವನಿಗೆ "ಇವತ್ತು ಅರ್ಧ ಲೀಟರ್" ಎಂದಷ್ಟು ಸಲೀಸು.

ಹಾಗಿದ್ದೂ, ಫಲಿತಾಂಶ ಬಂದ ದಿನ ನನ್ನ ಗೆಳತಿಗೆ ಮಾತು ಕೊಟ್ಟವಳು ನಾನೇ: "ನಮ್ಮ ಕಾಕಾ ಅದಾರಲ್ಲ, ನೀ ಬ್ಯಾರೆ ಎಲ್ಲೂ ಹೋಗಬ್ಯಾಡ." ಇದು ನನಗೆ ಚೆನ್ನಾಗಿ ನೆನಪಿದೆ. ಅವಳು ಬಂದದ್ದು ನೆನಪಿಲ್ಲ.

"ಮೂರು ಸಲ ಬಂದ್ವಿ," ಎಂದಳು ಅವಳು. "ಆ ಬ್ಯಾಸಗಿಯಾಗ ನಮ್ಮ ಕೆಲಸ ಇಲ್ಲೇ ಉಪ್ಪಲ್‌ನಾಗಿತ್ತು. ಇಲ್ಲಿಂದ ಬೇಗಂಪೇಟಿ ತನಕ ಅಪ್ಪ ಸೈಕಲ್ ಮ್ಯಾಲೆ ಕುಂದ್ರಿಸ್ಕೊಂಡು ಬಂದ. ಮೂರು ಸಲದ ಕೂಲಿ ಬಿಟ್ಟು. ಎರಡು ಸಲ ನಿಮ್ಮ ಕಾಕು ಬಾಗಲಕ್ಕ ಬಂದು ಕ್ಯಾಂಪು ಅಂದ್ರು. ಮೂರನೇದು ಅರ್ಜಿಗೆ ಕಡೀ ದಿನ. ನಿಮ್ಮ ಕಾಕಾನ ಸ್ಕೂಟರ್ ಬೇವಿನ ಗಿಡದ ಬುಡಕಽ ನಿಂತಿತ್ತು."

"ನಾ ಮನ್ಯಾಗ ಇರಲಿಕ್ಕಿಲ್ಲ. ಇದ್ದಿದ್ರ..."

"ಇದ್ದಿ. ಕಾಕು ಕಿಡಕ್ಯಾಗ ನಿಂತು ನಮ್ಮನ್ನ ನೋಡಿ ಒಳಗ ಹೊಳ್ಳಿದ್ರು. ಒಳಗಿಂದ ನಿನ್ನ ದನಿ ಬಂತು. 'ಕ್ಯಾಂಪಿಗೆ ಹೋಗ್ಯಾರಂತ ಹೇಳ್ರಿ ಕಾಕು.' ಅಪ್ಪ ನನ್ನ ಮಾರಿ ನೋಡಿದ. ನಡಿ ಅಂದ."

ನನಗೆ ತಕ್ಷಣ ಹೊಳೆದದ್ದೇನೆಂದರೆ ವಿಮಾನ. ನಮ್ಮ ಮನೆಯ ನೆತ್ತಿಯ ಮೇಲೆ ವಿಮಾನ ಇಳಿಯುತ್ತಿದ್ದವು. ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಅದನ್ನೇ ಹಿಡಿದುಕೊಂಡೆ.

"ವಿಮಾನದ ಗದ್ದಲದಾಗ ನನ್ನ ದನಿ ಅಂತ ಹ್ಯಾಂಗ ತಿಳೀತು ನಿನಗ?"

"ವಿಮಾನ ಹೋಗೂ ತನಕ ನಿಂತಿದ್ವಿ," ಎಂದಳು. "ಆಮ್ಯಾಲೆ ಕೇಳಿಸ್ತು. ನಾಕು ವರ್ಷ ನನ್ನ ಕಿವಿಯಾಗ ಉತ್ತರ ಕೇಳಿದಾಕಿ ನೀನು. ನಿನ್ನ ದನಿ ನನಗ ತಿಳಿಯಾಂಗಿಲ್ಲೇನು?"

ಬೇರೆ ಯಾವ ಅಧಿಕಾರಿಯಾದರೂ ಆಗುತ್ತಿತ್ತಲ್ಲ, ನಡುವೆ ದಿನಗಳಿದ್ದವಲ್ಲ ಎಂದು ನಾನು ಕೇಳಿದ್ದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಅವಳು ಸಿಟ್ಟಾಗಲಿಲ್ಲ. "ಅದು ಯಾರಿಗೆ ಗೊತ್ತಿತ್ತು? ಗುರ್ತಿನವರಽ ಸಹಿ ಮಾಡಬೇಕು ಅಂದ್ಕೊಂಡಿದ್ವಿ. ಹೆಡ್‌ಮಾಸ್ತರ್ ಊರಿಗೆ ಹೋಗಿದ್ರು, ಸಾಲಿಗೆ ಕೀಲಿ. ಮತ್ತ, ನೀ ಎಲ್ಲೂ ಹೋಗಬ್ಯಾಡ ಅಂದಿದ್ದಿ."

ಆಮೇಲೆ ಅವಳು ಕೇಳಿದ್ದು ಒಂದೇ.

"ನನಗೇನೂ ಕಡಿಮಿ ಇಲ್ಲ. ಆದ್ರ ಅಪ್ಪ ಹೋದ ವರ್ಷ ತೀರಿಕೊಂಡ. ಅವಂಗ ಸಾಲಿ ಅಂದ್ರ ದೇವರು. ಎಲ್ಲಾರ ಮುಂದ ಬಾಂಡ್ಲಿ ಹೊರಿಸಿದ ಅಂದಿ. ಹೋಗಿ ಅದಽ ಮೈಕಿನಾಗ ತಿದ್ದಿ ಹೇಳು. ನಿಮ್ಮ ಕಾಕಾನ ಹೆಸರು ತಗೀಬ್ಯಾಡ. ನಮ್ಮಪ್ಪ ಮೂರು ಸಲ ಕರ್ಕೊಂಡು ಬಂದಿದ್ದ ಅಂತ ಅಷ್ಟಽ ಹೇಳು."

"ಹೇಳ್ತೀನಿ. ಊಟಾ ಮುಗೀಲಿ."

ಊಟ ಮುಗಿಯಿತು. ಲೀಡರ್ ಮೈಕು ಹಿಡಿದು ಅಂತ್ಯಾಕ್ಷರಿ ಶುರು ಮಾಡಿದ್ದ. ನಾನು ವೇದಿಕೆಯ ಪಕ್ಕಕ್ಕೆ ಹೋಗಿ ನಿಂತೆ. "ಎರಡು ನಿಮಿಷ ಮಾತಾಡೋದೈತಿ" ಎಂದೆ. "ಮತ್ತ ಅಳಸ್ತಿಯೇನ? ಈಗ ಹಾಡು ಹೇಳವಾ" ಎಂದ. ಯಾರೋ ನಕ್ಕರು. ನಾನು ಮೈಕು ಕಸಿದುಕೊಳ್ಳಬಹುದಿತ್ತು. ಅವನು ಅಂಗಡಿಯವನಿಂದ ಕಸಿದಿರಲಿಲ್ಲವೇ. ನಾನು ಹಾಡು ಹೇಳಿದೆ. ಯಾವ ಹಾಡೆಂಬುದು ಮರೆತಿದೆ, ಪೂರ್ತಿ ಹೇಳಿದೆ ಎಂಬುದು ಮರೆತಿಲ್ಲ. ಹಾಡುತ್ತಿರುವಾಗಲೇ ಅವಳು ಕೈ ತೊಳೆದುಕೊಂಡು, ಒಂದು ಮೊಬೈಲನ್ನು ಕಿವಿಗಿಟ್ಟು, ಯಾರಿಗೋ ತೆಲುಗಿನಲ್ಲಿ ಸಿಮೆಂಟಿನ ಲೋಡಿನ ಬಗ್ಗೆ ಬೈಯುತ್ತ ಬಾಗಿಲು ದಾಟಿ ಹೋದದ್ದನ್ನು ನೋಡಿದೆ. ಆಮೇಲೆ ಫೋಟೋ. ನಾನು ಮುಂದಿನ ಸಾಲಿನಲ್ಲಿದ್ದೇನೆ, ನಗುತ್ತಿದ್ದೇನೆ.

ಮನೆಗೆ ಬಂದು ಹಳೆಯ ಟ್ರಂಕಿನಿಂದ ಡೈರಿ ತೆಗೆದೆ. ಒಂಬತ್ತನೆಯ ತರಗತಿಯಿಂದ ನಾನು ಡೈರಿ ಬರೆಯುತ್ತೇನೆ. ನೆನಪನ್ನು ನಂಬಬಾರದು, ಬರೆದದ್ದನ್ನು ನಂಬಬೇಕು ಎಂಬ ಗರ್ವ ನನ್ನದು. ಅರ್ಜಿಯ ಕಡೆಯ ದಿನದ ಪುಟ ಸಿಕ್ಕಿತು. ನಾಲ್ಕು ಸಾಲು. ನನ್ನ ಅರ್ಜಿ ಹಿಂದಿನ ದಿನವೇ ಕಾಕಾ ಕೊಟ್ಟು ಬಂದದ್ದು, ಸೆಕೆ, ಮಾವಿನಹಣ್ಣಿನ ಸೀಕರಣೆ. ಕೊನೆಯ ಸಾಲು: "ಮಧ್ಯಾಹ್ನ ಯಾರೋ ಸಹಿಗೆ ಬಂದಿದ್ದರು."

ಯಾರೋ. ಇಷ್ಟು ವರ್ಷದ ಡೈರಿಗಳಲ್ಲಿ ಸಹಿಗೆ ಬಂದವರ ಬಗ್ಗೆ ಬೇರೆಲ್ಲಿಯಾದರೂ ಬರೆದಿದ್ದೇನೆಯೇ ಎಂದು ಹುಡುಕಿದೆ. ಎಲ್ಲಿಯೂ ಇಲ್ಲ. ವಾರವಾರ ಬರುತ್ತಿದ್ದವರಲ್ಲಿ ಆ ಒಂದು ದಿನದ 'ಯಾರೋ' ಮಾತ್ರ ಬರೆದಿಡಲು ಯಾಕೆ ತಕ್ಕದ್ದಾಯಿತು? ಅಗಳಿಯ ಸದ್ದಿಗೆ ಬಾಯಿಂದ ತಾನಾಗಿ ಉದುರಿದ ರೂಢಿಯ ಮಾತಾಗಿದ್ದರೆ ಅದು ಒಂದು ಬಗೆ. ಅವಳೇ ಎಂದು ತಿಳಿದೂ ಅಂದಿದ್ದರೆ ಅದು ಇನ್ನೊಂದು. ಹತ್ತು ಅಂಕ ಮುಂದಿದ್ದವಳು ಬಾರದೆ ಹೋದ ಆ ಪಾಲಿಟೆಕ್ನಿಕ್‌ನಲ್ಲಿ ಗಣಿತಕ್ಕೆ ಮೊದಲಿಗಳಾದವಳು ನಾನು. ಹಾಗಾದರೆ ಕಾಲೇಜಿನ ಗೇಟಿನಲ್ಲಿ ಮಧ್ಯಾಹ್ನದ ತನಕ ಕಾದದ್ದು ಯಾರಿಗಾಗಿ? ಕಾದಿದ್ದೆನಾದರೂ ಹೌದೇ?

ಕಾಕಾ ಈಗಿಲ್ಲ. ಕಾಕು ಇದ್ದಾರೆ, ಬೇಗಂಪೇಟೆಯ ಅದೇ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟಿನಲ್ಲಿ, ಮಗ ಸೊಸೆಯ ಜೊತೆ, ಗಟ್ಟಿಮುಟ್ಟಾಗಿ. ಮುಂದಿನ ಭಾನುವಾರ ಹೋದೆ. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಎದುರು ಕೂತು ನಾನೂ ಒಂದು ಕಟ್ಟು ಎತ್ತಿಕೊಂಡೆ.

"ಆವಾಗ ಎಷ್ಟ ಮಂದಿ ಬರ್ತಿದ್ರವಾ," ಎಂದರು. "ಯಾರನ್ನಂತ ನೆನಪಿಡ್ಲಿ?"

"ಅಪ್ಪ, ಮಗಳು. ಸೈಕಲ್ ಮ್ಯಾಲೆ. ಮೂರು ಸಲ."

ಕಾಕುವಿನ ಕೈ ನಿಂತಿತು.

"ಆ ಮನಷ್ಯಾ ಚಪ್ಪಲ್ ಗೇಟಿನ ಹೊರಗ ಬಿಟ್ಟು ಬರ್ತಿದ್ದ," ಎಂದರು. "ಒಳಗ ಬಾ ಅಂದಿರಲೇ ಇಲ್ಲ ನಾವು. ಆದ್ರೂ ಬಿಟ್ಟು ಬರ್ತಿದ್ದ."

ಅಂದರೆ ಅವರಿಗೆ ಎಲ್ಲ ನೆನಪಿದೆ. ಆಗ ಕೇಳಿದೆ. ಕಾಕು ಎದ್ದು, ಬಿಡಿಸಿದ ಸೊಪ್ಪನ್ನೂ ಬಿಡಿಸದ ಸೊಪ್ಪನ್ನೂ ಒಂದೇ ಬುಟ್ಟಿಗೆ ಸುರಿದುಕೊಂಡು ಅಡುಗೆಮನೆಗೆ ಹೋದರು. ಒಳಗಿನಿಂದ, "ಉಂಡ ಹೋಗವಾ" ಎಂದರು. ಉಂಡು ಬಂದೆ. ಲೀಡರನ ಹತ್ತಿರ ಎಲ್ಲರ ನಂಬರುಗಳಿವೆ. ಮೂರು ಸಲ ಬಂದಿದ್ದರು ಎಂದು ಹದಿಮೂರು ಮಂದಿಗೂ ಬರೆದು ಕಳಿಸಲು ಹತ್ತು ನಿಮಿಷ ಸಾಕು. ಬರೆದೂ ಇಟ್ಟಿದ್ದೇನೆ. ಬಾಗಿಲಲ್ಲಿ ಅವರನ್ನು ತಿರುಗಿಸಿದ್ದು ಯಾರು ಎಂದು ಬರೆಯುವ ಸಾಲಿಗೆ ಬಂದಾಗಲೆಲ್ಲ ನಿಲ್ಲುತ್ತೇನೆ, ನಿಂತು ಮತ್ತೆ ಕಾಕುವಿನ ಮನೆಗೆ ಹೋಗುತ್ತೇನೆ. ಮೊನ್ನೆಯೂ ಹೋಗಿದ್ದೆ. ಮೊದಲ ಸಲ ಕೇಳಿದ್ದನ್ನೇ ಮತ್ತೆ ಕೇಳಿದೆ:

"ಹೊರಗ ನಿಂತಾಕಿ ಯಾರಂತ ನನಗ ಗೊತ್ತಿತ್ತೇನ್ರಿ, ಕಾಕು?"