ಶಾದಿಮಹಲಿನ ಮುಂದೆ ತೆರೆಯದ ಬಾಗಿಲು

ಗೆಳೆಯರೇ, ಇವತ್ತು ಗಂಗಾವತಿಯಲ್ಲಿ ನನ್ನ ಮಾನವನ್ನು ನಾನೇ ಕಳೆದುಕೊಂಡೆ.

ನನ್ನ ಹಳೆಯ ಅಂಬಾಸಿಡರಿನ ಹಿಂದಿನ ಬಾಗಿಲು ಜೋತುಬಿದ್ದಿತ್ತು. ನಿನ್ನೆ ಅದಕ್ಕೆ ಜಾಕ್ ಕೊಟ್ಟು ಎತ್ತಿ, ಕೀಲುಗಳನ್ನು ನಾನೇ ಸರಿಪಡಿಸಿದ್ದೆ. ಪಕ್ಕದ ಮನೆಯ ಖಾದರಸಾಬರು ಮಗಳ ಮದುವೆಗೆ ಆ ಕಾರನ್ನೇ ಕೇಳಿದ್ದರು. ಮದುಮಗಳನ್ನು ಕೂರಿಸಿ ಬಾಗಿಲು ಹಾಕಿದವರೂ ಅವರೇ.

ಶಾದಿಮಹಲಿನ ಮುಂದೆ ಬೀಗರೆಲ್ಲ ಕಾಯುತ್ತಿದ್ದರು. ಬಾಗಿಲು ಎಷ್ಟು ಎಳೆದರೂ ತೆರೆಯಲಿಲ್ಲ. ನಾನು ರೇಗಿದೆ: "ಡೋರ್ ಇಷ್ಟ್ ಜೋರ್ ಹಾಕಿದವ್ರು ಯಾರ್ರಿ? ಹಳೇ ಗಾಡಿ ಅನ್ನೂ ಖಬರ ಇಲ್ಲೇನು?"

ಖಾದರಸಾಬರು ಬೀಗರೆದುರೇ ಕೈಮುಗಿದರು. "ನಾನ ಹಾಕೀನ್ರಿ. ತಪ್ಪಾತು."

ಆಚೆ ಬದಿ ಕೂತಿದ್ದ, ಮದುಮಗಳ ಮಂಡಿನೋವಿನ ಅಜ್ಜಿಯನ್ನು ಮೊದಲು ಇಳಿಸಿದೆವು. ಮದುಮಗಳು ಸೀಟಿನ ಮೇಲೆ ಸರಿದು ಆ ಕಡೆಯಿಂದಲೇ ಇಳಿದಳು.

ಎಲ್ಲರೂ ಒಳಗೆ ಹೋದ ಮೇಲೆ ಪರೀಕ್ಷಿಸಿದೆ. ಕೆಳಗಿನ ಕೀಲಿನ ಬೋಲ್ಟುಗಳು ಬೆರಳಲ್ಲೇ ತಿರುಗಿದವು. ನಿನ್ನೆ ಅವನ್ನು ಬಿಗಿಯುವುದನ್ನೇ ಮರೆತಿದ್ದೆ. ಬಾಗಿಲು ಮತ್ತೆ ಕುಸಿದು ಸಿಕ್ಕಿಕೊಂಡಿತ್ತು.

ಒಳಗೆ ಹೋಗಿ ಬೀಗರ ಮುಂದೆಯೇ ಹೇಳಿದೆ: "ಖಾದರಸಾಬ್ರ, ತಪ್ಪು ನಂದರಿ. ಬೋಲ್ಟ್ ಬಿಗಿಯೂದು ನಾನ ಮರ್ತಿದ್ದೆ."

"ಇರ್ಲಿ ಬಿಡ್ರಿ, ಬಿರ್ಯಾನಿ ಆರ್ತೈತಿ" ಎಂದು ಅವರು ಕೈಹಿಡಿದು ಕೂರಿಸಿದರು.

ಬಿರಿಯಾನಿ ಬಹಳ ಚೆನ್ನಾಗಿತ್ತು ಎಂದು ಎಲ್ಲರೂ ಹೇಳುತ್ತಿದ್ದಾರೆ. ಇರಬಹುದು. ನಾನಂತೂ ತಟ್ಟೆಯಿಂದ ತಲೆಯೆತ್ತದೆ ಉಂಡು ಬಂದೆ.